ಹಿತ್ತಲ ಕೇಲ್ ಸೊಪ್ಪು, ಹಿತ್ತಲು ಕಳೆದುಕೊಂಡ ಜನ

ನಮ್ಮ ಚಿಕ್ಕಮ್ಮ ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಮನೆಗೆಲಸ ಮಾಡುತ್ತಾರೆ. ಹೋದ ಯುಗಾದಿಗೆ ಊರಿಗೆ ಬಂದಾಗ ಮೊಬೈಲ್ ತೆಗೆದು ಒಂದು ಫೋಟೊ ತೋರಿಸಿದರು. ಪ್ಲಾಸ್ಟಿಕ್ ಪೊಟ್ಟಣದಲ್ಲಿ ಕಡು ಹಸಿರು ಸೊಪ್ಪು. ಎಲೆಯ ಅಂಚೆಲ್ಲ ಸುರುಳಿ ಸುರುಳಿ.

"ಇದ್ಯಾವ ಸೊಪ್ಪು ಮಗಾ? ಆ ಅಕ್ಕೋರು ದಿನಾ ಬೆಳಿಗ್ಗೆ ಮಿಕ್ಸಿಗೆ ಹಾಕ್ಕೊಂಡು ಕುಡೀತಾರೆ. ಬಾಳ ರೇಟಂತೆ. ನಂಗೆ ನೋಡುದ್ರೆ ಕೋಸಿನ ಹೊರಗಿನ ಎಲೆ ಇದ್ದಂಗದೆ. ನಾವು ಅದ್ನ ದನಕ್ಕೆ ಹಾಕೋದಲ್ವಾ?"

ಆ ಸೊಪ್ಪಿನ ಹೆಸರು ಕೇಲ್. ಚಿಕ್ಕಮ್ಮ ಹೇಳಿದ್ದು ನೂರಕ್ಕೆ ನೂರು ಸರಿ. ಕೇಲ್, ಎಲೆಕೋಸು, ಹೂಕೋಸು, ನವಿಲುಕೋಸು, ಬ್ರೊಕೊಲಿ ಇವೆಲ್ಲ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಒಂದೇ ಜಾತಿ. ಬ್ರಾಸಿಕಾ ಒಲರೇಸಿಯಾ ಅಂತ ಅದರ ಹೆಸರು.

ಈಗ ಶ್ರೀಮಂತರ ಮಿಕ್ಸಿ ಸೇರಿರುವ ಈ ಸೊಪ್ಪು ಒಂದು ಕಾಲಕ್ಕೆ ಸ್ಕಾಟ್ಲೆಂಡಿನ ಬಡವರ ಹಿತ್ತಲ ಸೊಪ್ಪಾಗಿತ್ತು. ಚಿಕ್ಕಮ್ಮನ ಪ್ರಶ್ನೆಗೆ ಉತ್ತರ ಹುಡುಕುತ್ತಾ ಅದರ ಹಿಂದೆ ಹೋದೆ. ಅಡುಗೆ ವಿಷಯ ಸಿಗುತ್ತೆ ಅಂದುಕೊಂಡಿದ್ದೆ. ಸಿಕ್ಕಿದ್ದು ಜಮೀನಿನ ಕಥೆ.

ಒಂದೇ ತಾಯಿಯ ಮಕ್ಕಳು

ಯುರೋಪಿನ ಕಡಲ ದಂಡೆಯ ಬಂಡೆಗಳ ಮೇಲೆ ಇವತ್ತಿಗೂ ಕಾಡು ಕೋಸು ಬೆಳೆಯುತ್ತದೆ. ಗಡ್ಡೆ ಕಟ್ಟುವುದಿಲ್ಲ, ದಪ್ಪ ಎಲೆ, ಸ್ವಲ್ಪ ಕಹಿ. ಇಂಥ ಗಿಡವನ್ನು ಜನ ಮನೆ ಹತ್ತಿರ ತಂದುಕೊಂಡು, ತಲೆಮಾರುಗಟ್ಟಲೆ ತಮಗೆ ಬೇಕಾದ ಗಿಡದ ಬೀಜವನ್ನಷ್ಟೇ ಎತ್ತಿಟ್ಟು ಬಿತ್ತಿದರು.

ಕಾಂಡ ಉಬ್ಬಿದ್ದನ್ನು ಆರಿಸಿದವರಿಗೆ ನವಿಲುಕೋಸು ಸಿಕ್ಕಿತು. ಮೊಗ್ಗು ಗುಂಪುಗಟ್ಟಿದ್ದನ್ನು ಆರಿಸಿದವರಿಗೆ ಹೂಕೋಸು ಸಿಕ್ಕಿತು. ತುದಿಯ ಎಲೆ ಒಂದರ ಮೇಲೊಂದು ಮುಚ್ಚಿಕೊಂಡದ್ದನ್ನು ಆರಿಸಿದವರಿಗೆ ಎಲೆಕೋಸು ಸಿಕ್ಕಿತು. ಬರೀ ಎಲೆ ಸಾಕು ಅಂದವರ ಹತ್ತಿರ ಕೇಲ್ ಉಳಿಯಿತು. ಹಾಗಾಗಿ ಕೇಲ್ ಈ ಮನೆಯ ಹಿರಿಯಕ್ಕ ಇದ್ದ ಹಾಗೆ. ಸುಮಾರು 2300 ವರ್ಷಗಳ ಹಿಂದೆಯೇ ಗ್ರೀಸಿನ ಥಿಯೋಫ್ರಾಸ್ಟಸ್ ಸುರುಳಿ ಎಲೆಯ ಕೋಸು, ನುಣುಪು ಎಲೆಯ ಕೋಸು ಅಂತ ಬೇರೆ ಬೇರೆ ಮಾಡಿ ಬರೆದಿದ್ದಾನೆ.

ನಮ್ಮ ದೇಶದಲ್ಲೂ ಇದರ ಹತ್ತಿರದ ನೆಂಟರಿದ್ದಾರೆ. ಕಾಶ್ಮೀರದ ಮನೆಗಳ ಹಿತ್ತಲಲ್ಲಿ ಬೆಳೆಯುವ 'ಹಾಕ್' ಸೊಪ್ಪು ಇದೇ ಬಳಗದ್ದು. ಅಲ್ಲಿ ಅನ್ನ ಮತ್ತು ಹಾಕ್ ಅಂದರೆ ದಿನದ ಊಟ. ಆದರೆ ಒಂದು ಸೊಪ್ಪಿನ ಹೆಸರು ಊಟಕ್ಕೇ ಹೆಸರಾಗಿ, ಹಿತ್ತಲಿಗೂ ಹೆಸರಾದದ್ದು ಸ್ಕಾಟ್ಲೆಂಡಿನಲ್ಲಿ.

ಕೇಲ್ ಅಂದರೆ ಊಟ

ಸ್ಕಾಟ್ಲೆಂಡ್ ಇರುವುದು ಬ್ರಿಟನ್ನಿನ ಉತ್ತರ ಭಾಗದಲ್ಲಿ. ಬೆಟ್ಟ, ಗಾಳಿ, ಮಳೆ, ಚಳಿ. ಅಲ್ಲಿನ ಸ್ಕಾಟ್ಸ್ ಭಾಷೆಯಲ್ಲಿ 'ಕೇಲ್' ಅಂದರೆ ಸೊಪ್ಪು. ಆ ಸೊಪ್ಪು ಹಾಕಿ ಮಾಡಿದ ಸಾರಿಗೂ ಕೇಲ್ ಅಂತಲೇ ಹೆಸರು. ಕೊನೆಗೆ ಮಧ್ಯಾಹ್ನದ ಊಟಕ್ಕೂ ಅದೇ ಹೆಸರು ಬಂತು. ಮನೆಗೆ ಬಂದು ಕೇಲ್ ಮಾಡಿ ಅಂದರೆ ಊಟಕ್ಕೆ ಬನ್ನಿ ಅಂತ. ನಮ್ಮ ಕಡೆ "ಹಿಟ್ಟು ಉಂಡ್ರಾ?" ಅಂತ ಕೇಳಿದರೆ ಊಟ ಆಯಿತಾ ಅಂತ ಅರ್ಥ ಅಲ್ಲವೇ, ಹಾಗೆಯೇ. ಯಾರಿಗಾದರೂ ಚೆನ್ನಾಗಿ ಉಗಿದರೆ, ಅವನಿಗೆ ಹೊಗೆ ಹಿಡಿದ ಕೇಲ್ ಕುಡಿಸಿದರು ಅನ್ನುವ ಅರ್ಥದ ಮಾತೂ ಅಲ್ಲಿದೆ.

ಮನೆಯ ಪಕ್ಕದಲ್ಲೋ ಹಿಂದೆಯೋ ಕಲ್ಲುಗೋಡೆ ಕಟ್ಟಿದ ಸಣ್ಣ ಜಾಗ ಇರುತ್ತಿತ್ತು. ಅದಕ್ಕೆ 'ಕೇಲ್‌ಯಾರ್ಡ್' ಅನ್ನುತ್ತಿದ್ದರು. ಕನ್ನಡದಲ್ಲಿ ಸೊಪ್ಪಿನ ಹಿತ್ತಲು ಅನ್ನಬಹುದು. ಗಾಳಿ ತಡೆಯಲಿಕ್ಕೆ, ದನ ಕುರಿ ನುಗ್ಗದಿರಲಿಕ್ಕೆ ಆ ಗೋಡೆ. ಒಲೆಯ ಬೂದಿ, ಕೊಟ್ಟಿಗೆಯ ಗೊಬ್ಬರ, ಕಡಲ ಪಕ್ಕದವರಾದರೆ ಕಡಲ ಪಾಚಿ, ಎಲ್ಲ ಅಲ್ಲಿಗೇ ಬೀಳುತ್ತಿತ್ತು. ಹೊಲ ಬಡಕಲಾದರೂ ಹಿತ್ತಲು ಕೊಬ್ಬಿರುತ್ತಿತ್ತು.

ಊಟವೂ ನಮಗೆ ಅಪರಿಚಿತ ಅಲ್ಲ. ಕಬ್ಬಿಣದ ಮಡಕೆಯಲ್ಲಿ ಬಾರ್ಲಿ, ಹೆಚ್ಚಿದ ಕೇಲ್, ಇದ್ದರೆ ಒಂದು ಮೂಳೆ. ಇಲ್ಲದಿದ್ದರೆ ಸೊಪ್ಪು ಬೇಯಿಸಿದ ನೀರಿಗೆ ಓಟ್ಸ್ ಹಿಟ್ಟು ಹಾಕಿ ಕಲಸಿಕೊಂಡು ಉಣ್ಣುವುದು. ರಾಗಿ ಮುದ್ದೆ, ಸೊಪ್ಪಿನ ಬಸ್ಸಾರು ಉಂಡು ಬೆಳೆದವರಿಗೆ ಆ ಊಟದ ಲೆಕ್ಕ ಹೇಳಿಕೊಡಬೇಕಾಗಿಲ್ಲ. ಹೊಟ್ಟೆ ತುಂಬಿಸಲಿಕ್ಕೆ ಒಂದು ಹಿಟ್ಟು, ಅದನ್ನು ಇಳಿಸಲಿಕ್ಕೆ ಒಂದು ಸೊಪ್ಪು.

ಇಂಗ್ಲೆಂಡಿನ ಪ್ರಸಿದ್ಧ ಬರಹಗಾರ ಸ್ಯಾಮ್ಯುಯೆಲ್ ಜಾನ್ಸನ್ 1773ರಲ್ಲಿ ಸ್ಕಾಟ್ಲೆಂಡ್ ಸುತ್ತಿ 1775ರಲ್ಲಿ ಪುಸ್ತಕ ಬರೆದ. ಈ ಜನಕ್ಕೆ ಕೇಲ್ ನೆಡುವುದನ್ನು ಕಲಿಸಿದ್ದು ಕ್ರಾಮ್‌ವೆಲ್‌ನ ಇಂಗ್ಲಿಷ್ ಸೈನಿಕರು ಅಂತ ಯಾರೋ ಹೇಳಿದ್ದನ್ನು ಅದರಲ್ಲಿ ಬರೆದು, ಕೇಲ್ ಇಲ್ಲದ ಕಾಲದಲ್ಲಿ ಇವರ ಬಳಿ ತಿನ್ನಲಿಕ್ಕೆ ಏನೂ ಇದ್ದಿರಲಿಕ್ಕಿಲ್ಲ ಅಂತ ಗೇಲಿ ಮಾಡಿದ. ಸೈನಿಕರು ಬಂದದ್ದು 1650ರ ಹೊತ್ತಿಗೆ. ಕೇಲ್‌ಯಾರ್ಡ್ ಅನ್ನುವ ಮಾತು ಅದಕ್ಕೂ ಮುಂಚಿನ ಸ್ಕಾಟ್ ಕಾಗದಪತ್ರಗಳಲ್ಲೇ ಇದೆ. ಹಳ್ಳಿಯವರಿಗೆ ಗೊತ್ತಿದ್ದದ್ದನ್ನು ಹೊರಗಿನವರು ಬಂದು ಕಲಿಸಿದರು ಅನ್ನುವ ಕಥೆ ಅಲ್ಲೂ ಇತ್ತು ನೋಡಿ.

ಬಿತ್ತುವುದು, ಕೀಳುವುದು

ಕೇಲ್ ಬೆಳೆಯುವುದು ಕಷ್ಟ ಅಲ್ಲ. ಆದರೆ ಅದಕ್ಕೆ ಕಾಲ ಬೇಕು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಸ್ಕಾಟ್ಲೆಂಡಿನ ಬಯಲು ಸೀಮೆಯಲ್ಲಿ ಚಳಿಗಾಲ ಮುಗಿದ ಮೇಲೆ, ಏಪ್ರಿಲ್ ಮೇ ಹೊತ್ತಿಗೆ ಒಟ್ಟಲು ಹಾಕುತ್ತಾರೆ. ಪೈರು ಗೇಣುದ್ದ ಆದಾಗ ಕಿತ್ತು, ಒಂದೂವರೆ ಅಡಿಗೆ ಒಂದರಂತೆ ನಾಟಿ ಮಾಡುತ್ತಾರೆ. ಮಳೆ ಬಿಸಿಲು ಕುಡಿದು ಗಿಡ ಮೊಣಕಾಲೆತ್ತರ ಬರುವಾಗ ಚಳಿ ಶುರುವಾಗುತ್ತದೆ. ಬೇರೆ ತರಕಾರಿ ಎಲ್ಲ ಸಾಯುವ ಹೊತ್ತಿಗೆ ಕೇಲ್ ತಿನ್ನಲಿಕ್ಕೆ ಬರುತ್ತದೆ.

ಹಿಮ ಬಿದ್ದರೆ ಗಿಡ ಸಾಯುವುದಿಲ್ಲ. ಬದಲಿಗೆ ಸಿಹಿಯಾಗುತ್ತದೆ. ಎಲೆಯೊಳಗಿನ ನೀರು ಗಡ್ಡೆ ಕಟ್ಟದಂತೆ ಕಾಪಾಡಿಕೊಳ್ಳಲು ಗಿಡ ತನ್ನೊಳಗೆ ಸಕ್ಕರೆ ಅಂಶ ಹೆಚ್ಚಿಸಿಕೊಳ್ಳುತ್ತದೆ. ಅದಕ್ಕೇ ಮೊದಲ ಹಿಮ ಬೀಳುವವರೆಗೆ ಕಾಯ್ದು ಕಿತ್ತರೆ ರುಚಿ ಅಂತ ಅಲ್ಲಿನವರು ಹೇಳುತ್ತಾರೆ.

ಕೀಳುವುದಕ್ಕೂ ಒಂದು ಕ್ರಮ ಇದೆ. ಬುಡದ ಎಲೆ ಮೊದಲು. ಒಂದು ಗಿಡದಿಂದ ಎರಡು ಮೂರು ಎಲೆ ಮಾತ್ರ. ಸುಳಿ ಮುಟ್ಟಬಾರದು. ಸುಳಿ ಉಳಿದರೆ ಅದೇ ಗಿಡ ತಿಂಗಳುಗಟ್ಟಲೆ ಎಲೆ ಕೊಡುತ್ತದೆ. ಎಲೆಕೋಸಾದರೆ ಒಂದು ಸಲ ಕತ್ತರಿಸಿದರೆ ಮುಗಿಯಿತು. ಕೇಲ್ ಮಾತ್ರ ಕೊಟ್ಟಿಗೆಯ ಹಸು ಇದ್ದ ಹಾಗೆ, ದಿನಾ ಸ್ವಲ್ಪ ಕರೆದುಕೊಳ್ಳಬಹುದು.

ಅಲ್ಲಿ ವರ್ಷದ ಕೆಟ್ಟ ಕಾಲ ಅಂದರೆ ಚಳಿಗಾಲ ಅಲ್ಲ, ಅದು ಮುಗಿದ ಮೇಲಿನ ಏಪ್ರಿಲ್, ಮೇ. ಕಣಜ ಖಾಲಿಯಾಗಿರುತ್ತದೆ, ಹೊಸ ಬೆಳೆ ಇನ್ನೂ ಮೊಳಕೆ. ಇದಕ್ಕೆ ಹಸಿವಿನ ಸಂದು ಅಂತ ಹೆಸರು. ಆಗ ಹಳೆಯ ಕೇಲ್ ಕಾಂಡದಿಂದ ಎಳೆ ಚಿಗುರು, ಹೂವಿನ ಮೊಗ್ಗು ಬರುತ್ತವೆ. ಅದೂ ಸಾರಿಗೇ. ಒಳ್ಳೆಯ ಗಿಡ ನಾಲ್ಕನ್ನು ಬೀಜಕ್ಕೆ ಬಿಡುತ್ತಿದ್ದರು. ಹತ್ತಿರದಲ್ಲಿ ಕೋಸು ಹೂ ಬಿಟ್ಟಿದ್ದರೆ ಜೇನು ಎರಡನ್ನೂ ಬೆರೆಸಿಬಿಡುತ್ತದೆ, ಆದ್ದರಿಂದ ಬೀಜದ ಗಿಡದ ಮೇಲೆ ಒಂದು ಕಣ್ಣು ಇರಲೇಬೇಕು.

ಇನ್ನೂ ಉತ್ತರಕ್ಕೆ ಶೆಟ್ಲೆಂಡ್ ದ್ವೀಪಗಳಿವೆ. ಅಲ್ಲಿ ಮರ ಇಲ್ಲ, ಬರೀ ಗಾಳಿ. ಡಿಸೆಂಬರಿನಲ್ಲಿ ಹಗಲು ಆರು ಗಂಟೆಯೂ ಇರುವುದಿಲ್ಲ. ಅಲ್ಲಿನವರು ಗುಡ್ಡದ ಮೇಲೆ ಬಾಗಿಲೇ ಇಲ್ಲದ ಸಣ್ಣ ಕಲ್ಲಿನ ಗೂಡು ಕಟ್ಟಿದರು. ಕೆಲವು ದುಂಡಗೆ, ಕೆಲವು ಚೌಕ. ಹೆಸರು 'ಪ್ಲಾಂಟಿಕ್ರಬ್'. ಬೇಸಿಗೆ ಕೊನೆಯಲ್ಲಿ ಅದರೊಳಗೆ ಕೇಲ್ ಬೀಜ ಚೆಲ್ಲುತ್ತಿದ್ದರು. ಸಸಿ ಇಡೀ ಚಳಿಗಾಲ ಆ ಗೋಡೆಯ ಮರೆಯಲ್ಲಿ ಜೀವ ಹಿಡಿದುಕೊಂಡು, ಮುಂದಿನ ವಸಂತಕ್ಕೆ ಮನೆಯ ಹಿತ್ತಲಿಗೆ ನಾಟಿಯಾಗುತ್ತಿತ್ತು. ತಿನ್ನಲಿಕ್ಕೆ ಸಿಗುವುದು ಅದರ ಮುಂದಿನ ಚಳಿಗಾಲಕ್ಕೆ. ಅಂದರೆ ಬೀಜದಿಂದ ಸಾರಿನವರೆಗೆ ಒಂದು ವರ್ಷದ ಮೇಲೆ.

ಮನೆಮನೆಯಲ್ಲಿ ಬೀಜ ಕಾಪಾಡಿಕೊಂಡು ಬಂದದ್ದರಿಂದ ಶೆಟ್ಲೆಂಡ್ ಕೇಲ್ ಅನ್ನುವ ನಾಟಿ ತಳಿ ಇವತ್ತಿಗೂ ಉಳಿದಿದೆ. ಗುಡ್ಡಗಳ ಮೇಲೆ ಆ ಕಲ್ಲಿನ ಗೂಡುಗಳು ಪಾಳುಬಿದ್ದು ಈಗಲೂ ನಿಂತಿವೆ.

ಜನ ಈ ಗಿಡವನ್ನು ಎಷ್ಟು ಹಚ್ಚಿಕೊಂಡಿದ್ದರು ಅಂದರೆ ಮದುವೆ ಶಕುನವನ್ನೂ ಅದರಲ್ಲೇ ನೋಡುತ್ತಿದ್ದರು. ಅಕ್ಟೋಬರ್ 31ರ ಹ್ಯಾಲೋವೀನ್ ರಾತ್ರಿ ಹುಡುಗ ಹುಡುಗಿಯರು ಕಣ್ಣು ಮುಚ್ಚಿಕೊಂಡು ಹಿತ್ತಲಿಗೆ ಹೋಗಿ, ಕೈಗೆ ಸಿಕ್ಕ ಮೊದಲ ಕೇಲ್ ಗಿಡ ಬುಡಸಮೇತ ಕೀಳಬೇಕು. ಕಾಂಡ ನೆಟ್ಟಗಿದ್ದರೆ ಗಂಡ ಅಥವಾ ಹೆಂಡತಿ ನೆಟ್ಟಗಿರುತ್ತಾರೆ. ಡೊಂಕಿದ್ದರೆ ಅವರೂ ಡೊಂಕು. ಬೇರಿಗೆ ಮಣ್ಣು ಜಾಸ್ತಿ ಅಂಟಿದ್ದರೆ ದುಡ್ಡಿರುವ ಮನೆ. ಕಾಂಡದ ತಿರುಳು ಕಚ್ಚಿ ನೋಡಿದರೆ ಅವರ ಗುಣ ಸಿಹಿಯೋ ಕಹಿಯೋ ಗೊತ್ತಾಗುತ್ತದೆ. ಕವಿ ರಾಬರ್ಟ್ ಬರ್ನ್ಸ್ 1785ರಲ್ಲಿ ಬರೆದ ಒಂದು ಕವಿತೆಯಲ್ಲಿ ಈ ಆಟ ಇದೆ. ಬರ್ನ್ಸ್ ಬಡ ಗೇಣಿದಾರನ ಮಗ.

ಹಿತ್ತಲು ಯಾರದು?

ಇಲ್ಲಿಯವರೆಗೆ ಓದಿದರೆ ಚೆಂದದ ಹಳ್ಳಿ ಅನ್ನಿಸುತ್ತದೆ. ಈಗ ಒಂದು ಪ್ರಶ್ನೆ. ಆ ಹಿತ್ತಲು ಯಾರ ಹೆಸರಲ್ಲಿತ್ತು?

ಅದು ಜಮೀನುದಾರನದ್ದು. ಆಗಿನ ಸ್ಕಾಟ್ಲೆಂಡಿನಲ್ಲಿ ಮೈಲಿಗಟ್ಟಲೆ ಭೂಮಿ ಒಬ್ಬೊಬ್ಬ ಧಣಿಯ ಕೈಯಲ್ಲಿತ್ತು. ಅವನ ಕೆಳಗೆ ಗೇಣಿಗೆ ಹಿಡಿದ ಒಕ್ಕಲು. ಆ ಒಕ್ಕಲಿನ ಕೆಳಗೆ 'ಕಾಟರ್' ಅನ್ನುವ ಇನ್ನೂ ಬಡವರು. ಕಾಟರ್ ಕುಟುಂಬಕ್ಕೆ ಒಂದು ಗುಡಿಸಲು, ಒಂದು ಕೇಲ್ ಹಿತ್ತಲು, ತುಂಡು ನೆಲ, ಹೆಚ್ಚೆಂದರೆ ಒಂದು ಹಸು ಮೇಯಿಸುವ ಅವಕಾಶ. ಅದಕ್ಕೆ ಬದಲಾಗಿ ಒಕ್ಕಲಿನ ಹೊಲದಲ್ಲಿ ಗೆಯ್ಯಬೇಕು. ಹಿತ್ತಲು ಅವರ ಕೂಲಿಯ ಒಂದು ಭಾಗ. ಕೆಲಸ ಬೇಡ ಅಂದ ದಿನ ಹಿತ್ತಲೂ ಇಲ್ಲ.

ಮೊದಲು ಹೋದದ್ದು ಬಯಲು ಸೀಮೆಯ ಕಾಟರ್‌ಗಳು. 1760ರ ನಂತರ ಹೊಲಗಳನ್ನು ಒಟ್ಟುಗೂಡಿಸಿ ದೊಡ್ಡ ಬೇಸಾಯ ಶುರುವಾದಾಗ ಅವರ ಗುಡಿಸಲುಗಳು ಒಂದೊಂದಾಗಿ ಖಾಲಿಯಾದವು. ದೊಡ್ಡ ಗಲಾಟೆ ಆಗಲಿಲ್ಲ, ಸುದ್ದಿಯೂ ಆಗಲಿಲ್ಲ.

ಆಮೇಲೆ ಬೆಟ್ಟದ ಸೀಮೆಯ ಸರದಿ. ಅಲ್ಲಿ ಜನರಿಗಿಂತ ಕುರಿಯಿಂದ ಆದಾಯ ಜಾಸ್ತಿ ಅಂತ ಧಣಿಗಳು ಲೆಕ್ಕ ಹಾಕಿದರು. ಇಂಗ್ಲಿಷಿನ ಇತಿಹಾಸದವರು ಇದಕ್ಕೆ ಕ್ಲಿಯರೆನ್ಸ್ ಅನ್ನುತ್ತಾರೆ. ಏನೋ ಕಸ ಗುಡಿಸಿದ ಹಾಗೆ ಕೇಳಿಸುತ್ತದೆ. ಕನ್ನಡದಲ್ಲಿ ಇದಕ್ಕೆ ಸರಿಯಾದ ಮಾತಿದೆ: ಒಕ್ಕಲೆಬ್ಬಿಸುವುದು.

ಉತ್ತರದ ಸದರ್ಲೆಂಡ್ ಸೀಮೆಯ ಸ್ಟ್ರಾತ್‌ನೇವರ್ ಕಣಿವೆಯಲ್ಲಿ 1814ರಲ್ಲಿ ಮತ್ತು 1819ರಲ್ಲಿ ಊರೂರೇ ಎಬ್ಬಿಸಿದರು. 1814ರಲ್ಲಿ ಮುಂದೆ ನಿಂತವನು ಧಣಿಯ ಪಾರುಪತ್ಯಗಾರ ಪ್ಯಾಟ್ರಿಕ್ ಸೆಲ್ಲರ್. ಎಬ್ಬಿಸಿದ ಜಾಗವನ್ನು ಕುರಿ ಸಾಕಲಿಕ್ಕೆ ಗೇಣಿಗೆ ಹಿಡಿದವನೂ ಅವನೇ. ಜನ ಮತ್ತೆ ಬಂದು ಸೂರು ಕಟ್ಟಿಕೊಳ್ಳಬಾರದು ಅಂತ ಮನೆಯ ತೊಲೆಗಳಿಗೆ ಬೆಂಕಿ ಇಟ್ಟರು ಅನ್ನುವ ಆರೋಪದ ಮೇಲೆ 1816ರಲ್ಲಿ ಇನ್ವರ್ನೆಸ್ಸಿನಲ್ಲಿ ವಿಚಾರಣೆ ನಡೆಯಿತು. ಸೆಲ್ಲರ್ ಖುಲಾಸೆಯಾದ.

ಈಗ ಕೇಲ್ ಗಿಡದ ಕಾಲದ ಲೆಕ್ಕ ನೆನಪಿಸಿಕೊಳ್ಳಿ. ಸ್ಕಾಟ್ಲೆಂಡಿನಲ್ಲಿ ಗೇಣಿ ಮುಗಿಯುವ ಗಡುವು ಮೇ ತಿಂಗಳು. ಸೆಲ್ಲರ್ ಬಂದದ್ದು ಜೂನಿನಲ್ಲಿ. ಅಂದರೆ ಕಣಜ ಖಾಲಿಯಾಗಿದ್ದ ಕಾಲ, ಪೈರು ಇನ್ನೂ ಕೈಯಗಲ ಇದ್ದ ಕಾಲ. ಬೇಸಾಯ ಮಾಡುವವರಿಗೆ ಇದು ಬೇಗ ಅರ್ಥವಾಗುತ್ತದೆ. ಮೇ ಜೂನಿನಲ್ಲಿ ಮನೆಯಿಂದ ಎಬ್ಬಿಸಿದರೆ ಹೋಗುವುದು ಮನೆ ಒಂದೇ ಅಲ್ಲ, ಮುಂದಿನ ಚಳಿಗಾಲದ ಸಾರೂ ಹೋಗುತ್ತದೆ. ಮಣ್ಣಿಗೆ ತಲೆಮಾರುಗಳಿಂದ ಹಾಕಿದ ಬೂದಿ ಗೊಬ್ಬರವನ್ನು ಗಂಟು ಕಟ್ಟಿಕೊಂಡು ಹೋಗಲಿಕ್ಕೂ ಬರುವುದಿಲ್ಲ.

ಆ ಕಣಿವೆಯ ರೋಸಲ್ ಅನ್ನುವ ಊರನ್ನು 1962ರಲ್ಲಿ ಪುರಾತತ್ವದವರು ಅಗೆದು ನೋಡಿದರು. ಉದ್ದ ಮನೆಗಳ ಅಡಿಪಾಯ, ಕಾಳು ಒಣಗಿಸುವ ಗೂಡು, ಹಿತ್ತಲಿನ ಗೋಡೆಯ ಗುರುತು ಸಿಕ್ಕವು. ಇವತ್ತು ಅಲ್ಲಿ ಮನುಷ್ಯರಿಲ್ಲ, ಕಲ್ಲು ಮಾತ್ರ ಇದೆ.

ಎಬ್ಬಿಸಿದವರಿಗೆ ಕಡಲ ದಂಡೆಯಲ್ಲಿ ಕಲ್ಲು ನೆಲದ ತುಂಡು ಕೊಟ್ಟರು. ಅದಕ್ಕೆ 'ಕ್ರಾಫ್ಟ್' ಅಂತ ಹೆಸರು. ಬೇಕೆಂದೇ ಸಣ್ಣದಾಗಿ ಕೊಟ್ಟರು. ಅದರಲ್ಲೇ ಹೊಟ್ಟೆ ತುಂಬಿದರೆ ಮೀನು ಹಿಡಿಯುವ ಕೆಲಸಕ್ಕೆ, ಪಾಚಿ ಸುಡುವ ಕೂಲಿಗೆ ಯಾರು ಬರುತ್ತಾರೆ? ಅಷ್ಟು ಚಿಕ್ಕ ನೆಲದಲ್ಲಿ ಜಾಸ್ತಿ ಆಹಾರ ಕೊಡುವುದು ಆಲೂಗಡ್ಡೆ. ಜನ ಅದಕ್ಕೇ ಜೋತುಬಿದ್ದರು. 1846ರಲ್ಲಿ ಅಂಗಮಾರಿ ರೋಗ ಬಂದು ಆಲೂಗಡ್ಡೆ ಹೊಲದಲ್ಲೇ ಕೊಳೆಯಿತು. ಮುಂದಿನ ಹತ್ತು ವರ್ಷ ಬೆಟ್ಟದ ಸೀಮೆ ಹಸಿವಿನಲ್ಲಿ ಬೆಂದಿತು. ಸಾವಿರಾರು ಜನ ಕೆನಡಾ, ಆಸ್ಟ್ರೇಲಿಯಾ ಹಡಗು ಹತ್ತಿದರು.

ಕೇಲ್ ಹಿತ್ತಲೊಂದೇ ಉಳಿದಿದ್ದರೆ ಹಸಿವು ಬರುತ್ತಿರಲಿಲ್ಲ ಅಂತ ನಾನು ಹೇಳುತ್ತಿಲ್ಲ. ಹಿಟ್ಟಿಲ್ಲದೆ ಸೊಪ್ಪಿನಿಂದ ಯಾರೂ ಬದುಕುವುದಿಲ್ಲ. ಆದರೆ ಹಳೆಯ ಊರಿನಲ್ಲಿ ಬಾರ್ಲಿ, ಓಟ್ಸ್, ಹಸುವಿನ ಹಾಲು, ಕೇಲ್ ನಾಲ್ಕೂ ಇದ್ದವು. ಒಂದು ಕೈಕೊಟ್ಟರೆ ಇನ್ನೊಂದು ಹಿಡಿಯುತ್ತಿತ್ತು. ಒಂದೇ ಬೆಳೆಗೆ ಕುಟುಂಬವನ್ನು ಕಟ್ಟಿಹಾಕಿದ್ದು ರೋಗ ಅಲ್ಲ, ಗೇಣಿ ಪುಸ್ತಕ.

ಮದ್ರಾಸಿನ ಹಳೆಯ ಗವರ್ನರ್ ಕೇಳಿದ ಸಾಕ್ಷಿ

1882ರಲ್ಲಿ ಸ್ಕೈ ದ್ವೀಪದ ಬ್ರೇಸ್ ಅನ್ನುವ ಊರಿನವರು ತಿರುಗಿಬಿದ್ದರು. ತಮ್ಮ ಗೋಮಾಳವನ್ನು ಧಣಿ ಕಿತ್ತುಕೊಂಡಿದ್ದಾನೆ, ಅದು ವಾಪಸ್ ಬರುವವರೆಗೆ ಗೇಣಿ ಕೊಡುವುದಿಲ್ಲ ಅಂದರು. ನೋಟಿಸ್ ತಂದವನ ಕೈಯಿಂದಲೇ ನೋಟಿಸ್ ಸುಡಿಸಿದರು. ಗ್ಲಾಸ್ಗೋದಿಂದ ಪೊಲೀಸರು ಬಂದಾಗ ಹೆಂಗಸರೇ ಮುಂದೆ ನಿಂತು ಕಲ್ಲು ಬೀಸಿದರು. ಆಗ ಲಂಡನ್ನಿನ ಸರ್ಕಾರಕ್ಕೆ ಎಚ್ಚರ ಆಯಿತು. 1883ರಲ್ಲಿ ವಿಚಾರಣಾ ಆಯೋಗ ನೇಮಿಸಿತು.

ಅದರ ಅಧ್ಯಕ್ಷ ಲಾರ್ಡ್ ಫ್ರಾನ್ಸಿಸ್ ನೇಪಿಯರ್. ನಮಗೆ ಇವರು ಪೂರ್ತಿ ಹೊರಗಿನವರಲ್ಲ. 1866ರಿಂದ 1872ರವರೆಗೆ ಮದ್ರಾಸಿನ ಗವರ್ನರ್ ಆಗಿದ್ದವರು. ಆಗ ದಕ್ಷಿಣ ಕನ್ನಡ, ಬಳ್ಳಾರಿ ಎರಡೂ ಮದ್ರಾಸ್ ಪ್ರಾಂತ್ಯದಲ್ಲಿದ್ದವು. 1872ರಲ್ಲಿ ವೈಸರಾಯ್ ಮೇಯೊ ಕೊಲೆಯಾದಾಗ ಕೆಲವು ತಿಂಗಳು ಇಡೀ ದೇಶಕ್ಕೆ ಹಂಗಾಮಿ ವೈಸರಾಯ್ ಆಗಿದ್ದರು. (ನಮ್ಮ ದನ ತಿನ್ನುವ ನೇಪಿಯರ್ ಹುಲ್ಲಿನ ನೇಪಿಯರ್ ಇವರಲ್ಲ, ಅವರು ಬೇರೆ.) ಮದ್ರಾಸಿನಲ್ಲಿ ಆಗ ನಡೆಯುತ್ತಿದ್ದದ್ದು ಹೆಚ್ಚಾಗಿ ರೈತವಾರಿ ಪದ್ಧತಿ. ಅಲ್ಲಿ ಕಂದಾಯದ ಪುಸ್ತಕದಲ್ಲಿ ರೈತನದ್ದೇ ಹೆಸರು ಇರುತ್ತಿತ್ತು. ಅಂಥ ಕಡೆ ಆಳಿದ ಮನುಷ್ಯ ಈಗ ತನ್ನ ದೇಶದಲ್ಲಿ, ಯಾವ ಪುಸ್ತಕದಲ್ಲೂ ಹಕ್ಕಿಲ್ಲದ ಒಕ್ಕಲುಗಳ ಮುಂದೆ ಕುಳಿತರು.

ಮೊದಲ ಸಭೆ ಅದೇ ಬ್ರೇಸ್ ಊರಿನಲ್ಲಿ, 1883ರ ಮೇ ತಿಂಗಳಲ್ಲಿ. ಮೊದಲ ಸಾಕ್ಷಿ ಆಂಗಸ್ ಸ್ಟೀವರ್ಟ್. ಗೇಲಿಕ್ ಭಾಷೆಯಲ್ಲಿ ಮಾತಾಡಿದ, ಇನ್ನೊಬ್ಬರು ಇಂಗ್ಲಿಷಿಗೆ ಹೇಳಿದರು. ತನ್ನ ಕಷ್ಟ ಹೇಳುವ ಮುಂಚೆ ಅವನು ಕೇಳಿದ್ದು ಒಂದು ಭರವಸೆ. ನಿಜ ಹೇಳಿದ್ದಕ್ಕೆ ಧಣಿ ನನ್ನನ್ನು ಎಬ್ಬಿಸುವುದಿಲ್ಲ ಅಂತ ಮಾತು ಕೊಡಿ, ಹಾಗೆ ಆದದ್ದನ್ನು ನಾನು ನೋಡಿದ್ದೇನೆ ಅಂದ.

ಇದನ್ನು ಓದಿ ನಾನು ಸ್ವಲ್ಪ ಹೊತ್ತು ಮೊಬೈಲ್ ಕೆಳಗಿಟ್ಟೆ. ವರದಿಗಾರಿಕೆಗೆ ಹೋದಾಗ ಎಷ್ಟು ಜನ ನಮಗೆ ಇದೇ ಮಾತು ಹೇಳಿಲ್ಲ? "ನನ್ನ ಹೆಸರು ಹಾಕಬೇಡಿ, ನಾಳೆ ಮನೆ ಖಾಲಿ ಮಾಡು ಅಂತಾರೆ."

ನೇಪಿಯರ್ ವರದಿ 1884ರಲ್ಲಿ ಬಂತು. ಅದರಲ್ಲಿದ್ದದ್ದೆಲ್ಲ ಕಾನೂನಾಗಲಿಲ್ಲ. ಆದರೆ 1886ರ ಕ್ರಾಫ್ಟರ್ ಕಾಯ್ದೆ ಮುಖ್ಯವಾದದ್ದನ್ನು ಕೊಟ್ಟಿತು. ಗೇಣಿ ಕಟ್ಟುವವರೆಗೆ ಎಬ್ಬಿಸುವಂತಿಲ್ಲ. ಗೇಣಿ ಎಷ್ಟು ಅನ್ನುವುದನ್ನು ಧಣಿ ಒಬ್ಬನೇ ತೀರ್ಮಾನಿಸುವಂತಿಲ್ಲ. ಹಿಡುವಳಿಯನ್ನು ಮನೆಯವರಿಗೆ ಬಿಟ್ಟುಕೊಡಬಹುದು. ಒಕ್ಕಲು ನೆಲಕ್ಕೆ ಮಾಡಿದ ಸುಧಾರಣೆಗೆ, ಅವನು ಬಿಟ್ಟುಹೋಗುವಾಗ ಪರಿಹಾರ ಕೊಡಬೇಕು. ಗೋಡೆ ಕಟ್ಟಿದ್ದಕ್ಕೆ, ಕಲ್ಲು ಆರಿಸಿದ್ದಕ್ಕೆ ಮೊದಲ ಸಲ ಬೆಲೆ ಬಂತು.

ಎಲ್ಲರಿಗೂ ಸಿಗಲಿಲ್ಲ. ಕಳೆದುಹೋದ ಕಣಿವೆ ವಾಪಸ್ ಬರಲಿಲ್ಲ. ಹಿಡುವಳಿಯೇ ಇಲ್ಲದ ಕಾಟರ್‌ಗಳಿಗೆ ಆ ಕಾಯ್ದೆಯಿಂದ ಆದದ್ದು ಕಡಿಮೆ. ನಮ್ಮಲ್ಲಿ 1974ರಲ್ಲಿ ದೇವರಾಜ ಅರಸು ಕಾಲದ ತಿದ್ದುಪಡಿ ಬಂದು ಉಳುವವನೇ ಹೊಲದೊಡೆಯ ಆದಾಗಲೂ, ಗೇಣಿಯೂ ಇಲ್ಲದೆ ಬರೀ ಕೂಲಿ ಮಾಡುತ್ತಿದ್ದವರು ಹೊಲದ ಬದುವಿನಲ್ಲೇ ನಿಂತರು. ಈ ಎರಡು ಕಥೆ ಒಂದೇ ಅಲ್ಲ. ಆದರೆ ಅತಿ ಕೆಳಗಿನವನ ಹತ್ತಿರ ಬರುವ ಹೊತ್ತಿಗೆ ಕಾನೂನಿನ ನೀರು ಬತ್ತುವುದು ಎರಡರಲ್ಲೂ ಇದೆ.

ಸಕ್ಕರೆ ಹಾಕಿದ ಹಳ್ಳಿ

ಈ ಕಾಯ್ದೆ ಬಂದು ಹತ್ತು ವರ್ಷವೂ ಆಗಿರಲಿಲ್ಲ, ಸ್ಕಾಟ್ಲೆಂಡಿನ ಹಳ್ಳಿಯ ಬಗ್ಗೆ ಸಿಹಿ ಸಿಹಿ ಕಥೆ ಪುಸ್ತಕಗಳು ಬರತೊಡಗಿದವು. ಇಯಾನ್ ಮ್ಯಾಕ್ಲಾರೆನ್ 1894ರಲ್ಲಿ ತಂದ ಪುಸ್ತಕ ಬ್ರಿಟನ್ನಿನಲ್ಲೂ ಅಮೆರಿಕದಲ್ಲೂ ಭಾರಿ ಮಾರಾಟವಾಯಿತು. ಒಳ್ಳೆಯ ಪಾದ್ರಿ, ಒಳ್ಳೆಯ ಡಾಕ್ಟರ್, ದೇವರಂಥ ಬಡವರು, ಮನೆ ಹಿಂದೆ ಸೊಪ್ಪಿನ ಹಿತ್ತಲು. ನಗರದವರು ಓದಿ ಕಣ್ಣೊರೆಸಿಕೊಂಡರು. ಮಾರನೆಯ ವರ್ಷ ಒಬ್ಬ ವಿಮರ್ಶಕ ಇಂಥ ಬರಹಗಾರರಿಗೆಲ್ಲ ಸೇರಿಸಿ 'ಕೇಲ್‌ಯಾರ್ಡ್ ಪಂಥ' ಅಂತ ಹೆಸರಿಟ್ಟು ಕುಟುಕಿದ. ಆ ಹೆಸರು ಹಾಗೇ ನಿಂತಿದೆ. ಅವರ ಹಿತ್ತಲಿನಲ್ಲಿ ಕೇಲ್ ಇತ್ತು, ಪಾರುಪತ್ಯಗಾರ ಇರಲಿಲ್ಲ ಅನ್ನುವುದು ದೂರು.

ಗ್ರಾಮೀಣ ಪತ್ರಿಕೋದ್ಯಮ ಓದಿ ಬಂದ ನಮಗೆ ಇದು ನೇರವಾಗಿ ತಾಗುವ ಮಾತು. ಹಳ್ಳಿ ಅಂದಕೂಡಲೇ ಅಜ್ಜಿ, ಹಿತ್ತಲು, ಹಿತ್ತಾಳೆ ಚೊಂಬು ಅಂತ ಬರೆದರೆ ಲೈಕ್ ಬರುತ್ತದೆ. ಅದೇ ಹಿತ್ತಲಿನ ಅಳತೆ ಎಷ್ಟು, ಖಾತೆ ಯಾರದು ಅಂತ ಬರೆದರೆ ಬರುವುದಿಲ್ಲ. ನಾವೂ ಎಷ್ಟೋ ಸಲ ಮೊದಲನೆಯದನ್ನೇ ಬರೆದಿದ್ದೇವೆ.

ನಮ್ಮ ಹಿತ್ತಲಿಗೆ ಬಂದರೆ

ಕೇಲ್ ಬೆಳೆಯಬೇಕು ಅನ್ನುವವರಿಗೆ ಎರಡು ಮಾತು. ನಮ್ಮಲ್ಲಿ ಅಕ್ಟೋಬರಿನಿಂದ ಫೆಬ್ರವರಿವರೆಗಿನ ತಂಪು ಕಾಲ ಅದಕ್ಕೆ ಸರಿ. ಒಟ್ಟಲು ಹಾಕಿ ಒಂದು ತಿಂಗಳಿಗೆ ನಾಟಿ ಮಾಡಿ. ತಿಪ್ಪೆಗೊಬ್ಬರ, ಸ್ವಲ್ಪ ಬೂದಿ ಸಾಕು. ಕೋಸಿಗೆ ಬರುವ ಹಸಿರು ಹುಳುವೇ ಇದಕ್ಕೂ ಬರುತ್ತದೆ, ಎಲೆಯ ಅಡಿ ದಿನಾ ನೋಡಿ. ಪ್ರತಿ ವರ್ಷ ಒಂದೇ ಮಡಿಯಲ್ಲಿ ಕೋಸಿನ ಬಳಗ ಹಾಕಬೇಡಿ. ಬುಡದಿಂದ ಕೀಳಿ, ಸುಳಿ ಬಿಡಿ.

ಆದರೆ ನಮ್ಮ ಬಯಲು ಸೀಮೆಯಲ್ಲಿ ಬೀಜ ಕಟ್ಟುವ ಆಸೆ ಬೇಡ. ತಿಂಗಳುಗಟ್ಟಲೆ ಚಳಿ ಕಾಣದೆ ಆ ಗಿಡ ಹೂ ಬಿಡುವುದಿಲ್ಲ. ಪ್ರತಿ ಸಲ ಪೊಟ್ಟಣದ ಬೀಜವೇ ಗತಿ. ದಂಟು, ಹರಿವೆ, ಬಸಳೆ, ನುಗ್ಗೆಗೆ ಆ ತಾಪತ್ರಯ ಇಲ್ಲ. ಬೀಜವೋ ಕಡ್ಡಿಯೋ ಪಕ್ಕದ ಮನೆಯಿಂದಲೇ ಬರುತ್ತದೆ. ಹಿತ್ತಲ ಗಿಡ ಮದ್ದಲ್ಲ ಅನ್ನುವ ಗಾದೆ ಸ್ಕಾಟ್ಲೆಂಡಿನವರಿಗೆ ಗೊತ್ತಿರಲಿಕ್ಕಿಲ್ಲ. ಆದರೆ ಅವರು ಬಡವರ ಸೊಪ್ಪು ಅಂತ ಬಿಟ್ಟದ್ದನ್ನೇ ಈಗ ಪೊಟ್ಟಣದಲ್ಲಿ ಕೊಳ್ಳುತ್ತಿದ್ದಾರೆ. ಇನ್ನೊಂದು ವಿಷಯ: ನವಿಲುಕೋಸಿನ ಎಳೆ ಎಲೆ ಬಿಸಾಡಬೇಡಿ. ಅದು ಕೇಲಿನ ಸ್ವಂತ ತಂಗಿ. ಸಾರಿಗೆ, ಪಲ್ಯಕ್ಕೆ ಚೆನ್ನಾಗಿರುತ್ತದೆ.

ಇಷ್ಟಕ್ಕೂ ಹಿತ್ತಲು ಬೇಕಲ್ಲ? ನಮ್ಮ ಕಡೆ ಅಣ್ಣತಮ್ಮಂದಿರು ಭಾಗ ಆದಾಗ ಮೊದಲು ಹೋಗುವುದು ಹಿತ್ತಲು. ಅಲ್ಲೊಂದು ಶೀಟಿನ ಮನೆ ಏಳುತ್ತದೆ. ಉಳಿದ ಜಾಗಕ್ಕೆ ಸಿಮೆಂಟ್ ಬೀಳುತ್ತದೆ. ನಿ‌ವೇಶನ ಹಂಚುವಾಗಲೂ ಮಲಗಲಿಕ್ಕೆ ಎಷ್ಟು ಬೇಕು ಅಂತ ಅಳೆಯುತ್ತಾರೆ, ಸೊಪ್ಪು ಬೆಳೆಯಲಿಕ್ಕೆ ಎಷ್ಟು ಬೇಕು ಅಂತ ಯಾರೂ ಕೇಳುವುದಿಲ್ಲ. ಎಷ್ಟೋ ಮನೆಗಳಲ್ಲಿ ಮೂರು ತಲೆಮಾರು ಅನುಭವಿಸಿದ ಹಿತ್ತಲು ಕಾಗದದಲ್ಲಿ ಇರುವುದೇ ಇಲ್ಲ.

ಹಾಗಾಗಿ ಇವತ್ತು ಒಂದು ಕೆಲಸ ಮಾಡಿ. ಗ್ರಾಮ ಪಂಚಾಯಿತಿಯ ಇ-ಸ್ವತ್ತು ನಮೂನೆ 9 ಮನೆಯಲ್ಲಿದ್ದರೆ ತೆಗೆದು ನೋಡಿ. ಅಳತೆ ಮತ್ತು ಚಕ್ಕುಬಂದಿ ಬರೆದಿರುತ್ತದೆ. ಟೇಪು ಹಿಡಿದು ತಾಳೆ ನೋಡಿ. ಹಿತ್ತಲು ಆ ಅಳತೆಯೊಳಗೆ ಬರುತ್ತದೋ, ಗೋಡೆಗೇ ನಿಂತಿದೆಯೋ?

ಇದನ್ನೆಲ್ಲ ಬರೆಯುವ ಮುಂಚೆ ಚಿಕ್ಕಮ್ಮನಿಗೆ ಫೋನ್ ಮಾಡಿ ಹೇಳಿದೆ. ಕುರಿ ಬಂದದ್ದು, ತೊಲೆ ಸುಟ್ಟದ್ದು, ಸಾಕ್ಷಿ ಹೇಳಲಿಕ್ಕೆ ಹೆದರಿದ್ದು. ಪೂರ್ತಿ ಕೇಳಿಸಿಕೊಂಡರು.

"ಅಂಗಾದ್ರೆ ಅವ್ರೂ ನಮ್ಮಂಗೇ ಇದ್ದೋರು ಅನ್ನು" ಅಂದರು. ಆಮೇಲೆ ಸ್ವಲ್ಪ ಸುಮ್ಮನಿದ್ದು ಕೇಳಿದರು: "ನಮ್ಮನೆ ಹಿತ್ಲು ಕಾಗ್ದದಲ್ಲಿ ಅದಾ ಮಗಾ?"

ನನಗೆ ಗೊತ್ತಿರಲಿಲ್ಲ. ಸೋಮವಾರ ಪಂಚಾಯಿತಿಗೆ ಹೋಗಿ ನೋಡಬೇಕು.